ಸೇತುವೆ ಪುಸ್ತಕದ ಕೊನೆಯ ಹದಿನಾಲ್ಕು ಪುಟ

ಬೀದಿಯವರೆಲ್ಲ ಆಕೆಯನ್ನು ಡೈರೆಕ್ಟರಿ ಅಕ್ಕ ಎನ್ನುತ್ತಿದ್ದರು. ಮೇಲಿನ ಮನೆಯ ದರ್ಜಿಯ ಮೊಮ್ಮಕ್ಕಳಿಗಂತೂ ಅದೇ ಆಕೆಯ ಹೆಸರೆಂದು ಎಷ್ಟು ಖಾತ್ರಿಯಾಗಿತ್ತೆಂದರೆ, ಒಮ್ಮೆ ಅಂಚೆಯವನು ಬೇರೇನೋ ಹೆಸರು ಕೂಗಿದಾಗ "ಅಂಥೋರು ಯಾರೂ ಇಲ್ಲಿಲ್ಲ" ಎಂದು ಅವನನ್ನು ವಾಪಸು ಕಳಿಸಿಬಿಟ್ಟಿದ್ದರು.

ಹೆಸರು ಸುಮ್ಮನೆ ಬಂದದ್ದಲ್ಲ. ಟೆಲಿಫೋನ್ ಕಚೇರಿಯ ಡೈರೆಕ್ಟರಿ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಕೂತು, ಊರಿನಲ್ಲಿ ಫೋನ್ ಇದ್ದವರ ಹೆಸರುಗಳನ್ನೆಲ್ಲ ಅಕ್ಷರದ ಸರದಿಯಲ್ಲಿ ನಿಲ್ಲಿಸಿದವಳು ಆಕೆ. ಇಟ್ಟಿಗೆಯಷ್ಟು ದಪ್ಪದ ಆ ಪುಸ್ತಕ ವರ್ಷಕ್ಕೊಮ್ಮೆ ಹೊರಬರುತ್ತಿತ್ತು. 'ಕ್ಷ'ವನ್ನು ಶಾಲೆಯಲ್ಲಿ ಎಲ್ಲಕ್ಕಿಂತ ಕೊನೆಗೆ ಕಲಿಸಿದರೂ ಪಟ್ಟಿಯಲ್ಲಿ ಅದು 'ಕ'ದ ಮನೆಯ ಕೂಸು ಎಂದು ಹೊಸದಾಗಿ ಬಂದ ಅಧಿಕಾರಿಗಳಿಗೆಲ್ಲ ಆಕೆಯೇ ತಿಳಿಸಿ ಹೇಳಬೇಕಿತ್ತು. ಸೊನ್ನೆ ಇರುವ ಹೆಸರು ಮೊದಲು ಬರಬೇಕೋ ಆಮೇಲೆ ಬರಬೇಕೋ ಎಂಬ ವಿಷಯಕ್ಕೆ ಒಬ್ಬ ಮೇಲಧಿಕಾರಿಯ ಜೊತೆ ಮೂರು ತಿಂಗಳು ಮಾತು ಬಿಟ್ಟಿದ್ದಳು. ಕೊನೆಗೆ ಸೋತವರು ಅವರೇ.

ಎಲ್ಲರ ಜೇಬಿಗೂ ಮೊಬೈಲ್ ಬಂತು, ಡೈರೆಕ್ಟರಿ ನಿಂತಿತು. ಉಗ್ರಾಣದ ಪಕ್ಕದ ಕೋಣೆಯಲ್ಲಿ ಆಕೆಗೊಂದು ಕುರ್ಚಿ ಕೊಟ್ಟರು, ಕೆಲಸ ಕೊಡಲಿಲ್ಲ. ಎಂಟು ತಿಂಗಳು ಗೋಡೆ ನೋಡಿ ಸಾಕಾಗಿ ಅಕ್ಕ ಸ್ವಯಂ ನಿವೃತ್ತಿ ತೆಗೆದುಕೊಂಡು ಮನೆಗೆ ಬಂದಳು. ಮನೆಯಲ್ಲಿ ಗಂಡ. ನಗರ ಸಾರಿಗೆಯ ಬಸ್ಸು ಓಡಿಸಿ ಅವನೂ ನಿವೃತ್ತನಾದವನು. ಇಡೀ ದಿನ ಇಬ್ಬರೂ ಒಬ್ಬರ ಕಾಲಿಗೊಬ್ಬರು ಅಡ್ಡ ಬರುತ್ತಿದ್ದರು. ತಡೆಯಲಾರದೆ ಅಕ್ಕ ಗ್ರಂಥಾಲಯದ ದಾರಿ ಹಿಡಿದಳು.

ಕತೆ ಕಾದಂಬರಿ ಆಕೆಗೆ ಒಗ್ಗುತ್ತಿರಲಿಲ್ಲ. "ನಡೆದಿದ್ದೇ ಇಷ್ಟೊಂದಿರುವಾಗ ನಡೀದೇ ಇರೋದನ್ನ ಯಾಕೆ ಓದ್ಲಿ?" ಎನ್ನುತ್ತಿದ್ದಳು. ಹಾಗೆ ಓದಿದ ಮೊದಲ ಪುಸ್ತಕ ಹೊಳೆಯ ಪ್ರವಾಹಗಳದ್ದು. ಪುಸ್ತಕವೇನೋ ಹಿಡಿಸಿತು. ಆದರೆ ಅದರ ಕೊನೆಯಲ್ಲಿ, ಯಾರ ಹೆಸರು ಯಾವ ವಿಷಯ ಯಾವ ಪುಟದಲ್ಲಿದೆ ಎಂದು ಅಕಾರಾದಿಯಾಗಿ ಕೊಡುವ ಪದಸೂಚಿ ಇತ್ತಲ್ಲ, ಅದನ್ನು ನೋಡಿ ಆಕೆಯ ಮೈಯೆಲ್ಲ ಉರಿಯಿತು. ತೊಂಬತ್ತನೇ ಪುಟ ಎಂದಿದ್ದದ್ದು ನೂರೊಂಬತ್ತರಲ್ಲಿ. ಒಬ್ಬ ಜಿಲ್ಲಾಧಿಕಾರಿ ಎರಡು ಕಡೆ, ಒಂದು ಹಳ್ಳಿ ಎಲ್ಲೂ ಇಲ್ಲ. ಅರವತ್ತಮೂರು ತಪ್ಪುಗಳನ್ನು ಪಟ್ಟಿ ಮಾಡಿ ಪ್ರಕಾಶನಕ್ಕೆ ಕಾಗದ ಬರೆದಳು. ವಾರದೊಳಗೆ ಪ್ರಕಾಶನದ ಒಡತಿಯ ಫೋನು ಬಂತು.

"ನೀವ್ಯಾರು ಅಕ್ಕ?"

"ಓದೋಳು."

"ಮುಂದಿನ ಪುಸ್ತಕಕ್ಕೆ ಪದಸೂಚಿ ನೀವೇ ಮಾಡಿಕೊಡ್ತೀರಾ?"

ಇದಾಗಿ ಹದಿಮೂರು ವರ್ಷ. ಅಷ್ಟರಲ್ಲಿ ಆಕೆ ಎಪ್ಪತ್ತಕ್ಕೂ ಹೆಚ್ಚು ಪುಸ್ತಕಗಳಿಗೆ ಬಾಲ ಕಟ್ಟಿದ್ದಳು. ಬಾಲ ಎಂಬುದು ಗಂಡನ ಮಾತು. ಊಟದ ಮೇಜಿನ ಮೇಲೆ ಚಪ್ಪಲಿ ಡಬ್ಬಿಗಳು, ಡಬ್ಬಿಯೊಳಗೆ ಅಂಗೈಯಗಲದ ಕಾರ್ಡುಗಳು. ಒಂದೊಂದು ಹೆಸರಿಗೆ ಒಂದೊಂದು ಕಾರ್ಡು, ಕಾರ್ಡಿನಲ್ಲಿ ಪುಟದ ಸಂಖ್ಯೆ, ಅದರ ಮುಂದೆ ಆ ಪುಟದಲ್ಲಿ ಆ ಮನುಷ್ಯ ಏನು ಮಾಡಿದ ಎಂದು ನಾಲ್ಕು ಪದ. ಪ್ರಕಾಶನದ ಕಚೇರಿಯ ಹುಡುಗಿಯರು "ಕಂಪ್ಯೂಟರಲ್ಲಿ ಒಂದು ಗುಂಡಿ ಒತ್ತಿದ್ರೆ ಆಯ್ತಲ್ಲ ಅಕ್ಕ" ಎಂದು ಕಾಡುವುದಿತ್ತು. "ಕಂಪ್ಯೂಟರಿಗೆ ಹೆಸರು ಕಾಣ್ಸುತ್ತೆ, ಮನುಷ್ಯ ಕಾಣ್ಸಲ್ಲ" ಎಂದು ಅಕ್ಕ ನಗುತ್ತಿದ್ದಳು. ನಗುತ್ತಲೇ ಹೇಳಿದರೂ ಆ ಮಾತು ತಮಾಷೆಯದ್ದಾಗಿರಲಿಲ್ಲ.

ಪ್ರಕಾಶನದವರ ಹೊಸ ಪುಸ್ತಕಗಳೆಲ್ಲ ಶರತ್ಕಾಲದಲ್ಲಿ ಬರುತ್ತವೆ. ಹಾಗಾಗಿ ಬೇಸಿಗೆಯೆಂದರೆ ಅಕ್ಕನಿಗೆ ಉಸಿರಾಡಲೂ ಪುರಸೊತ್ತಿಲ್ಲ. ಆ ವರ್ಷ ಒಟ್ಟಿಗೆ ನಾಲ್ಕು ಬಂದಿದ್ದವು. ಒಂದು, ಉಪ್ಪಿನದು: ಸಮುದ್ರದಿಂದ ಅಡುಗೆಮನೆಯ ಡಬ್ಬಿಯವರೆಗೆ ಅದು ಬಂದ ದಾರಿ, ಆ ದಾರಿಯಲ್ಲಿ ಅಂಗಾಲು ಸುಟ್ಟುಕೊಂಡವರು. ಇನ್ನೊಂದು, ಬೆಟ್ಟದ ತುದಿಯ ಒಂಟಿ ಮನೆಯಲ್ಲಿ ನಲವತ್ತು ವರ್ಷ ದಿನಕ್ಕೆ ಮೂರು ಸಲ ಗಾಳಿ ಮಳೆ ಬಿಸಿಲು ಅಳೆದು ಬರೆದಿಟ್ಟ ಗಂಡ ಹೆಂಡಿರದ್ದು. ಅವರು ಜಗಳವಾಡಿದ ದಿನ ಹವಾಮಾನದ ಪುಸ್ತಕದಲ್ಲಿ ಅಕ್ಷರ ದಪ್ಪಗಿರುತ್ತಿತ್ತಂತೆ. ಮೂರನೆಯದು ಕಿವುಡ ಮಕ್ಕಳ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದ ಶಿಕ್ಷಕಿಯದು. ಅದನ್ನು ಅಕ್ಕ ಕೆಲಸಕ್ಕೆಂದು ಒಮ್ಮೆ, ಕೆಲಸ ಮುಗಿದ ಮೇಲೆ ತನಗೆಂದು ಇನ್ನೊಮ್ಮೆ ಓದಿದ್ದಳು.

ನಾಲ್ಕನೆಯದು ಸೇತುವೆಯ ಪುಸ್ತಕ.

ಊರಿನ ದೊಡ್ಡ ಹೊಳೆಗೆ ಅರವತ್ತು ವರ್ಷದ ಹಿಂದೆ ಕಟ್ಟಿದ ಸೇತುವೆ ಅದು. ಬರೆದವರು ಅದೇ ಸೇತುವೆಯ ದುರಸ್ತಿ ನೋಡಿಕೊಂಡು ನಿವೃತ್ತರಾದ ಇಂಜಿನಿಯರು. ಕಬ್ಬಿಣ ಸಿಮೆಂಟಿನ ಲೆಕ್ಕ ಬಿಟ್ಟು, ಕಟ್ಟಿದ ಕೂಲಿಗಳನ್ನು ಹುಡುಕಿಕೊಂಡು ಹತ್ತು ವರ್ಷ ಅಲೆದಿದ್ದರು. ಅದರಲ್ಲೂ ಒಂಬತ್ತನೇ ಅಧ್ಯಾಯ ಒಬ್ಬನೇ ಕೆಲಸಗಾರನದು. ಓದಿದವರ ಕಣ್ಣು ಒದ್ದೆಯಾಗುವಂಥದ್ದು. ಪ್ರಕಾಶನದ ಒಡತಿ "ಅಕ್ಕ, ಈ ಸಲದ ಪುಸ್ತಕ ಅಂದ್ರೆ ಇದೇ ನೋಡಿ" ಎಂದೇ ಕರಡು ಕಳಿಸಿದ್ದಳು.

ಅಕ್ಕನ ಕಣ್ಣೂ ಒದ್ದೆಯಾಯಿತು. ಆಮೇಲೆ ಕಾರ್ಡು ಬರೆಯಲು ಕೂತಳು. ಆ ಕೆಲಸಗಾರನ ಕಾರ್ಡು ಹೀಗಾಯಿತು: ನಲವತ್ತೆಂಟು, ಕೆಲಸಕ್ಕೆ ಸೇರಿದ್ದು, ಹೆಬ್ಬೆಟ್ಟು ಒತ್ತಿದ್ದು. ನೂರ ಹನ್ನೆರಡು, ಕೂಲಿಗಳ ಪರವಾಗಿ ಮನವಿ ಬರೆದದ್ದು, ಮುತ್ತಿನಂಥ ಅಕ್ಷರ. ನೂರ ಮೂವತ್ತೊಂದು, ನೀರು ಒಳಬರದಂತೆ ಗಾಳಿ ಒತ್ತಿ ತುಂಬಿದ, ಹೊಳೆಯ ತಳದ ಗಾಳಿಕೋಣೆಯಲ್ಲಿ ಅಗೆಯುವಾಗ ಎಡಗಿವಿ ಪೂರ್ತಿ ಹೋದದ್ದು. ನೂರ ಎಂಬತ್ತೇಳು, ಎಡಗಡೆಯ ಮರದ ಅಟ್ಟಣೆ ಸೀಳುವ ಸದ್ದು ಎಲ್ಲರಿಗಿಂತ ಮೊದಲು ಕೇಳಿ, ಕೂಗಿ, ಹನ್ನೊಂದು ಜನರನ್ನು ಇಳಿಸಿದ್ದು. ಇನ್ನೂರ ಮೂರು, ಗಾಳಿಕೋಣೆಗೆ ನೀರು ನುಗ್ಗಿ ಸತ್ತ ಒಂಬತ್ತು ಜನರಲ್ಲಿ ಒಬ್ಬನಾದದ್ದು. ಇನ್ನೂರ ಹತ್ತೊಂಬತ್ತು, ಅಡಿಟಿಪ್ಪಣಿ: ಸತ್ತು ಎರಡು ವಾರವಾದರೂ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ 'ಹಾಜರು' ಎಂದಿದೆ; ಗುಮಾಸ್ತನ ಅಜಾಗರೂಕತೆ.

ಅಡಿಟಿಪ್ಪಣಿಯ ಹತ್ತಿರ ಅಕ್ಕನ ಪೆನ್ಸಿಲು ನಿಂತಿತು. ಗುಮಾಸ್ತ ಎಂಬ ಪದ ಆಕೆಯ ಎದೆಗೇ ನಾಟಿತು. ಇಪ್ಪತ್ತಾರು ವರ್ಷ ಗುಮಾಸ್ತಳಾಗಿದ್ದವಳಿಗೆ ಗೊತ್ತು: ಏನೇ ತಪ್ಪಾದರೂ ಕೊನೆಗೆ ಎತ್ತಿಹಾಕುವುದು ಗುಮಾಸ್ತನ ತಲೆಯ ಮೇಲೆ. ಕಾರ್ಡನ್ನು ಮೇಲಿಂದ ಕೆಳಗೆ ಮತ್ತೆ ಓದಿದಳು. ಕಿಟಕಿಯ ಹತ್ತಿರ ಪತ್ರಿಕೆ ಹಿಡಿದು ಕೂತಿದ್ದ ಗಂಡನನ್ನು ಕರೆದಳು.

"ರೀ, ಎಡಗಿವಿ ಕೇಳದೇ ಇರೋನಿಗೆ ಎಡಗಡೆ ಸದ್ದು ಎಲ್ಲರಿಗಿಂತ ಮುಂಚೆ ಹೇಗೆ ಕೇಳ್ಸುತ್ತೆ?"

"ಬಲಗಿವಿ ಇದೆಯಲ್ಲೇ."

"ಒಂದೇ ಕಿವಿ ಇದ್ದೋರಿಗೆ ಸದ್ದು ಯಾವ ಕಡೆಯಿಂದ ಬಂತು ಅಂತ ತಿಳಿಯೋದೇ ಕಷ್ಟ. ಕಿವುಡು ಶಾಲೆ ಟೀಚರು ಆರು ಪುಟ ಬರೆದಿದಾರೆ ಅದರ ಬಗ್ಗೆ. ಹಿಂದಿನಿಂದ ಕರೆದ್ರೆ ಮಕ್ಕಳು ಸುತ್ತ ನೋಡ್ತಾವಂತೆ."

"ಹಂಗಾದ್ರೆ?"

"ಹಂಗಾದ್ರೆ ಇವನು ಒಬ್ಬನಲ್ಲ. ಇಬ್ಬರು."

ಗಂಡ ಪತ್ರಿಕೆ ಮಡಚಿಟ್ಟ. ಹೆಂಡತಿಯ ಈ ದನಿ ಅವನಿಗೆ ಗೊತ್ತು. ಸೊನ್ನೆಯ ಜಗಳದಲ್ಲೂ ಇದೇ ದನಿ ಇತ್ತು.

ಇಂಜಿನಿಯರಿಗೆ ಫೋನು ಮಾಡಿ ಕಿವಿಯ ವಿಷಯ, ಹೆಬ್ಬೆಟ್ಟಿನ ವಿಷಯ ಎರಡನ್ನೂ ಕೇಳಿದಾಗ ಅವರು ಮೊದಲು ನಕ್ಕರು.

"ಹೆಬ್ಬೆಟ್ಟಿನವನು ಆರು ತಿಂಗಳಲ್ಲಿ ಅಕ್ಷರ ಕಲಿತಿದಾನೆ ಅಮ್ಮ. ಅದನ್ನೇ ನಾನು ಬರೆದಿರೋದು. ಅಪೂರ್ವ ಪ್ರತಿಭೆ ಅವನದು."

"ಆರು ತಿಂಗಳಲ್ಲಿ ಅಕ್ಷರ ಕಲೀಬಹುದು ಸರ್. ಅಂಥ ಕೈಬರಹ ಬರಲ್ಲ."

"ನೋಡಿ, ಆ ಅಧ್ಯಾಯ ನನ್ನ ಪುಸ್ತಕದ ಹೃದಯ."

"ಇಬ್ಬರದ್ದು ಸೇರಿಸಿ ಒಂದು ಹೃದಯ ಮಾಡಿದೀರಿ ಸರ್."

"ನೀವು ಪದಸೂಚಿ ಮಾಡಿ, ಸಾಕು" ಎಂದು ಇಂಜಿನಿಯರು ಫೋನು ಇಟ್ಟರು.

ಅಕ್ಕನ ಮುಖ ಕೆಂಪಾಯಿತು. ಅಂದು ಮಧ್ಯಾಹ್ನ ಊಟ ಸೇರಲಿಲ್ಲ. ಮಾಡಿಕೊಟ್ಟು ಕೈ ತೊಳೆದುಕೊಳ್ಳಬಹುದಿತ್ತು. ಪುಸ್ತಕ ಅವರದ್ದು, ಹೆಸರು ಅವರದ್ದು. ಆದರೆ ಕಾರ್ಡು ಮಾತ್ರ ತನ್ನದು. ಒಬ್ಬ ಮನುಷ್ಯನ ಕೆಳಗೆ ಇಬ್ಬರ ಬದುಕು ಬರೆದು ಡಬ್ಬಿಗೆ ಹಾಕಲು ಕೈ ಬರಲಿಲ್ಲ. ಮರುದಿನ ಪ್ರಕಾಶನದ ಒಡತಿಗೆ ಒಂದೇ ಮಾತು ಹೇಳಿದಳು: "ಹಾಜರಿ ಪುಸ್ತಕ ಒಂದು ಸಲ ನನ್ನ ಕಣ್ಣಿಗೆ ತೋರ್ಸಿ. ನಂದು ತಪ್ಪಾದ್ರೆ ಈ ಕೆಲಸಾನೇ ಬಿಡ್ತೀನಿ."

ಇಂಜಿನಿಯರು ಹಠಮಾರಿಯಾದರೂ ಕೆಟ್ಟವರಲ್ಲ. ಆ ಎರಡು ದಿನ ಅವರಿಗೂ ನಿದ್ದೆ ಬಂದಿರಲಿಲ್ಲವೆಂದು ಆಮೇಲೆ ತಿಳಿಯಿತು. ಗುರುವಾರ ಬೆಳಿಗ್ಗೆ ಅವರೇ ಬಂದು, ಅಕ್ಕ ಮತ್ತು ಗಂಡನನ್ನು ತಮ್ಮ ಹಳೆಯ ಕಾರಿನಲ್ಲಿ ಕೂರಿಸಿಕೊಂಡು ಕಾಮಗಾರಿ ಇಲಾಖೆಯ ದಾಖಲೆ ಕೋಣೆಗೆ ಕರೆದೊಯ್ದರು. ದಾರಿಯುದ್ದಕ್ಕೂ ಹಿಂದಿನ ಸೀಟಿನಿಂದ ಗಂಡ "ಗೇರು ಬದಲಾಯ್ಸಿ ಸರ್, ಪಾಪ ಅಳ್ತಾ ಇದೆ" ಎನ್ನುತ್ತಿದ್ದ.

ದಾಖಲೆ ಕೋಣೆ ನೆಲಮಾಳಿಗೆಯಲ್ಲಿತ್ತು. ಹಾಜರಿ ಪುಸ್ತಕಗಳು ಎರಡು ಸಾಲು: ನೀರಿನ ಕೆಳಗೆ ಕೆಲಸ ಮಾಡುವವರದ್ದು ಹಸಿರು ರಟ್ಟು, ಮೇಲೆ ಮಾಡುವವರದ್ದು ಕಂದು ರಟ್ಟು. ಇಂಜಿನಿಯರು ಎರಡನ್ನೂ ನೋಡಿದ್ದರು. ಆದರೆ ಒಂದನ್ನು ನೋಡಿ ಮೂರು ವರ್ಷವಾದ ಮೇಲೆ ಇನ್ನೊಂದನ್ನು. ಹೆಸರು ಒಂದೇ ಇದ್ದುದರಿಂದ, ಅವನನ್ನು ಆಗಾಗ ಕೆಳಗಿನಿಂದ ಮೇಲಕ್ಕೆ ಹಾಕುತ್ತಿದ್ದರು ಎಂದುಕೊಂಡಿದ್ದರು.

ಅಕ್ಕ ಎರಡು ಪುಸ್ತಕಗಳನ್ನೂ ಒಂದೇ ತಿಂಗಳಿಗೆ ತೆರೆದು ಅಕ್ಕಪಕ್ಕ ಇಟ್ಟಳು. ಕನ್ನಡಕ ಮೇಲೆ ಸರಿಸಿ, ಎರಡು ತೋರುಬೆರಳನ್ನೂ ಒಟ್ಟಿಗೆ ಸಾಲಿನ ಮೇಲೆ ಓಡಿಸಿದಳು.

"ಸರ್, ಹನ್ನೊಂದನೇ ತಾರೀಖು ನೋಡಿ. ಹಸಿರಲ್ಲಿ ಹಾಜರು. ಕಂದಲ್ಲೂ ಹಾಜರು. ಹನ್ನೆರಡು, ಅದೇ. ಹದಿಮೂರು, ಅದೇ. ಒಬ್ಬನೇ ಮನುಷ್ಯ ಒಂದೇ ದಿನ ಹೊಳೆ ಕೆಳಗೂ ಮೇಲೂ ಹೇಗಿರ್ತಾನೆ?"

ಇಂಜಿನಿಯರು ಬಗ್ಗಿದರು. ಹೆಸರಿನ ಎಡಕ್ಕೆ, ಅಂಚಿನಲ್ಲಿ, ಕೂಲಿಗಳಿಗೆ ಕೊಡುತ್ತಿದ್ದ ಹಿತ್ತಾಳೆ ಬಿಲ್ಲೆಯ ಸಂಖ್ಯೆ ಸಣ್ಣದಾಗಿ ಬರೆದಿತ್ತು. ಹಸಿರಿನಲ್ಲಿ ಇನ್ನೂರ ಹದಿನಾಲ್ಕು. ಕಂದಿನಲ್ಲಿ ಮುನ್ನೂರ ಎಪ್ಪತ್ತೊಂದು. ನೀರು ನುಗ್ಗಿದ ದಿನ ಇನ್ನೂರ ಹದಿನಾಲ್ಕರ ಸಾಲನ್ನು ಕೆಂಪು ಶಾಯಿಯಲ್ಲಿ ನೇರವಾಗಿ ಮುಚ್ಚಿ, ಗುಮಾಸ್ತ ತನ್ನ ಸಹಿ ಹಾಕಿದ್ದ. ಮುನ್ನೂರ ಎಪ್ಪತ್ತೊಂದು ಮುಂದಕ್ಕೆ ಹೋಗುತ್ತಿತ್ತು. ಎಲ್ಲಿಯೂ ಒಂದು ಗೀಚಿಲ್ಲ, ಒಂದು ತಿದ್ದುಪಡಿಯಿಲ್ಲ.

ಇಂಜಿನಿಯರು ಅಂಚಿನ ಆ ಸಂಖ್ಯೆಯ ಮೇಲೆ ಬೆರಳಿಟ್ಟರು. "ಈ ಪುಟ ನಾನೇ ಫೋಟೊ ತೆಗೆದಿದೀನಿ ಅಮ್ಮ" ಎಂದರು. "ಹೆಸರಿಗೆ ಸರಿಯಾಗಿ ಕತ್ತರಿಸ್ಕೊಂಡೆ. ಅಂಚು ಬಿಟ್ಟೆ."

"ನಮ್ಮ ಆಫೀಸಲ್ಲಿ ಅಂಚೇ ಮೊದಲು ನೋಡ್ತಿದ್ವಿ ಸರ್. ಒಂದೇ ಹೆಸರಿನೋರು ಊರಲ್ಲಿ ಎಷ್ಟು ಜನ ಇರ್ತಾರೆ ಅಂತೀರಿ!" ಎಂದಳು ಅಕ್ಕ. ಗೆದ್ದ ದನಿ ಅದರಲ್ಲಿ ಬಾರದಂತೆ ನೋಡಿಕೊಂಡಳು. ಗಂಡ ಮಾತ್ರ ಬಾಗಿಲಲ್ಲಿ ನಿಂತು ದಾಖಲೆ ಕೋಣೆಯ ಕಾವಲಿನವನಿಗೆ "ನಮ್ಮನೆಯವಳು" ಎಂದು ಎರಡು ಸಲ ಹೇಳಿದ.

ಹೊರಡುವ ಮುಂಚೆ ಇಂಜಿನಿಯರು ಕೂಲಿಗಳ ಮನವಿಯ ಮೂಲ ಪ್ರತಿ ತೆಗೆಸಿದರು. ನೀರಿನಿಂದ ಮೇಲೆ ಬಂದವರಿಗೆ ಚಳಿಗಾಲದಲ್ಲಿ ಒಣಗಿದ ಬಟ್ಟೆ ಕೊಡಿ ಎಂಬ ಬೇಡಿಕೆ ಅದು. ಕರಡಿನಲ್ಲಿ ಅಕ್ಕ ಅದರ ಮಾತುಗಳನ್ನಷ್ಟೇ ಓದಿದ್ದಳು. ಕಾಗದ ಕಂಡದ್ದು ಈಗಲೇ. 'ಳ' ಅಕ್ಷರದ ಬಾಲ ಸಾಲಿನ ಕೆಳಗಿಳಿದು, ಒಂದು ಸುತ್ತು ಸುತ್ತಿ, ಹಗುರವಾಗಿ ಮೇಲಕ್ಕೆ ಎದ್ದಿತ್ತು.

"ಈ ಅಕ್ಷರ ನಾನು ನೋಡಿದೀನಿ" ಎಂದಳು ಅಕ್ಕ.

ಎಲ್ಲಿ ಎಂದು ನೆನಪಾದದ್ದು ಮನೆಗೆ ಬಂದು ಚಹಾ ಕುಡಿಯುವಾಗ. ಬಹಳ ವರ್ಷದ ಹಿಂದೆ ಒಬ್ಬರು ಡೈರೆಕ್ಟರಿಯಲ್ಲಿ ತಮ್ಮ ಕಸುಬು ಸೇರಿಸಿ ಎಂದು ಅರ್ಜಿ ತುಂಬಿ ಕೊಟ್ಟಿದ್ದರು. ಅರ್ಜಿಯ ಅಕ್ಷರ ಎಷ್ಟು ಚೆನ್ನಾಗಿತ್ತೆಂದರೆ, ವಿಭಾಗದವರು ಅದನ್ನು ಗೋಡೆಗೆ ಅಂಟಿಸಿ, ಹೊಸಬರಿಗೆ "ಹೀಗೆ ಬರೀರಿ" ಎಂದು ತೋರಿಸುತ್ತಿದ್ದರು. ಅಕ್ಕ ಅಟ್ಟದಿಂದ ಕೊನೆಯ ವರ್ಷದ ಡೈರೆಕ್ಟರಿ ಇಳಿಸಿದಳು. ಆ ಹೆಸರಿನವರು ಹತ್ತೊಂಬತ್ತು ಮಂದಿ. ಅದರಲ್ಲಿ ಒಬ್ಬರ ಮುಂದೆ ಮಾತ್ರ 'ಬೋರ್ಡು ಬರೆಯುವವರು' ಎಂದಿತ್ತು. ವಿಳಾಸ, ಕಬ್ಬಿಣದ ಅಂಗಡಿಗಳ ಹಿಂದಿನ ಗಲ್ಲಿ.

ಅಕ್ಕ ಇಂಜಿನಿಯರನ್ನು ಕರೆದುಕೊಂಡು ಹೋದಾಗ ಅಂಗಡಿ ಇನ್ನೂ ಇತ್ತು. ಈಗ ಅಲ್ಲಿ ಪ್ಲಾಸ್ಟಿಕ್ ಬೋರ್ಡು ಅಚ್ಚು ಹಾಕುವ ಯಂತ್ರ. ನಡೆಸುತ್ತಿದ್ದವಳು ಅವರ ಮಗಳು, ಐವತ್ತು ದಾಟಿದ ಗಟ್ಟಿ ಹೆಂಗಸು. ಬಂದ ಕಾರಣ ಕೇಳಿ, "ಅಪ್ಪ ಇದಾರೆ, ಒಳಗೆ. ಆದರೆ ಸೇತುವೆ ವಿಷಯ ಎತ್ತಬೇಡಿ, ಎದ್ದು ಹೋಗ್ತಾರೆ" ಎಂದಳು. ಒಳಕೋಣೆಯಲ್ಲಿ ಎಂಬತ್ತನಾಲ್ಕರ ಮುದುಕರು ಗೋಡೆಗೊರಗಿ ಕೂತಿದ್ದರು. ಬೆರಳ ಸಂದಿಗಳಲ್ಲಿ ಹಳೆಯ ಬಣ್ಣ ಉಳಿದೇಬಿಟ್ಟಿತ್ತು.

ಇಂಜಿನಿಯರು ಪೀಠಿಕೆ ಹಾಕಲು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಕೇಳಿಬಿಟ್ಟಳು. "ಯಜಮಾನ್ರೇ, ನಿಮ್ಮ ಬಿಲ್ಲೆ ನಂಬರು ಮುನ್ನೂರ ಎಪ್ಪತ್ತೊಂದಾ?"

ಮುದುಕರು ಎದ್ದು ಹೋಗಲಿಲ್ಲ. ಆಕೆಯನ್ನೇ ನೋಡಿದರು.

"ಅರವತ್ತು ವರ್ಷ ಆಯ್ತು ತಾಯಿ, ಆ ನಂಬರು ಯಾರೂ ಕರೆದಿರ್ಲಿಲ್ಲ" ಎಂದರು.

ಆಮೇಲೆ ಮಾತು ಮೆಲ್ಲಗೆ ಬಂತು. ಒಂದೇ ಹೆಸರಿನವರು ಇಬ್ಬರಿದ್ದುದರಿಂದ ಕೂಲಿಗಳು ಇವರನ್ನು 'ಮೇಲಿನವ' ಎಂದೂ ಗೆಳೆಯನನ್ನು 'ಕೆಳಗಿನವ' ಎಂದೂ ಕರೆಯುತ್ತಿದ್ದರು. ಮೇಲಿನವರು ಅಟ್ಟಣೆಯ ಬಡಗಿ. ಅಟ್ಟಣೆ ಸೀಳಿದಾಗ ಕೂಗಿದವರು ಇವರೇ. ಎರಡು ತಿಂಗಳಿಗೆ ನೀರು ನುಗ್ಗಿ ಕೆಳಗಿನವ ಹೋದ. ಸತ್ತವರ ನೆನಪಿಗೆ ಕಲ್ಲು ನಿಲ್ಲಿಸಿ ಒಂಬತ್ತು ಹೆಸರು ಓದಿದ ದಿನ, ಭಾಷಣ ಮಾಡಿದ ಯಾರೋ ಹೆಸರು ಕಂಡು ಮೋಸಹೋಗಿ, ಹನ್ನೊಂದು ಜೀವ ಉಳಿಸಿದವನೂ ಈತನೇ ಎಂದುಬಿಟ್ಟ. ಮರುದಿನ ಪತ್ರಿಕೆಯಲ್ಲೂ ಹಾಗೇ ಬಂತು.

"ನೀವು ಹೇಳ್ಲಿಲ್ವಾ, ನಾನು ಬದುಕಿದೀನಿ ಅಂತ?" ಎಂದು ಇಂಜಿನಿಯರು ಕೇಳಿದರು.

"ಹೇಳೋಕೆ ಎದ್ದಿದ್ದೆ ಸ್ವಾಮಿ. ಅವನ ತಾಯಿ ಮುಂದುಗಡೆ ನಿಂತಿದ್ಳು. ಆ ಮಾತು ಕೇಳಿ ಬೆನ್ನು ನೆಟ್ಟಗೆ ಮಾಡ್ಕೊಂಡ್ಳು. ಅವಳ ಹತ್ರ ಉಳಿದಿದ್ದೇ ಅಷ್ಟು. ಅದನ್ನೂ ಕಿತ್ಕೊಳ್ಳಲಾ?"

ಬಾಗಿಲಲ್ಲಿ ನಿಂತಿದ್ದ ಮಗಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಪ್ಪನ ಬಾಯಿಂದ ಈ ಕತೆ ಅವಳು ಕೇಳಿದ್ದು ಅದೇ ಮೊದಲು.

ಇಂಜಿನಿಯರು ಏನು ಮಾಡಬೇಕೆಂದು ತೋಚದೆ ಅಕ್ಕನ ಮುಖ ನೋಡಿದರು. ನಿಜ ಬರೆದರೆ ಸತ್ತವನ ಹಿರಿಮೆ ಹೋಗುತ್ತದೆ, ಬರೆಯದಿದ್ದರೆ ಪುಸ್ತಕ ಸುಳ್ಳಾಗುತ್ತದೆ. ಅಕ್ಕ ಕುರ್ಚಿಯನ್ನು ಮುದುಕರ ಹತ್ತಿರಕ್ಕೆ ಎಳೆದುಕೊಂಡಳು.

"ಕೂಗಿದ್ದು ನೀವು, ಆಯ್ತು. ಕೆಳಗಿನವರು ಏನು ಮಾಡ್ತಿದ್ರು? ಅವರದ್ದೂ ಒಂದು ಇರುತ್ತಲ್ಲ. ಅದನ್ನ ಹೇಳಿ."

ಆಗ ಮುದುಕರ ಮುಖ ಬೆಳಗಿತು. ಕೆಳಗಿನವನ ಕತೆ ಹೇಳಲು ಅವರು ಅರವತ್ತು ವರ್ಷ ಕಾದಿದ್ದರೋ ಏನೋ. ಹೊಳೆಯ ತಳದ ಗಾಳಿಕೋಣೆಗೆ ಮೊದಲ ಸಲ ಇಳಿಯುವವರು ಹೆದರಿ ನಡುಗುತ್ತಿದ್ದರಂತೆ. ಕಿವಿ ಒಡೆದುಹೋಗುವಂಥ ನೋವು. ಕೆಳಗಿನವ ಪ್ರತಿಯೊಬ್ಬ ಹೊಸಬನನ್ನೂ ಕೈ ಹಿಡಿದು ಇಳಿಸುತ್ತಿದ್ದ. ಎಂಜಲು ನುಂಗುವುದು ಹೇಗೆ, ಮೂಗು ಹಿಡಿದು ಉಸಿರೊತ್ತುವುದು ಹೇಗೆ, ಎಲ್ಲಿ ನಿಂತು ಎಷ್ಟು ಎಣಿಸಬೇಕು, ಎಲ್ಲ ಅವನೇ ಹೇಳಿಕೊಡುತ್ತಿದ್ದ. ತನ್ನ ಎಡಗಿವಿ ಹೋದಮೇಲೂ ಬಿಡಲಿಲ್ಲ. "ನಂದು ಹೋಯ್ತು, ಇವರದ್ದು ಉಳೀಲಿ" ಎನ್ನುತ್ತಿದ್ದ. ತಳಕ್ಕೆ ಇಳಿದ ಇನ್ನೂರಕ್ಕೂ ಹೆಚ್ಚು ಜನರಲ್ಲಿ ಅವನ ಕೈ ಹಿಡಿಯದೆ ಇಳಿದವನು ಒಬ್ಬನೂ ಇಲ್ಲ.

"ಹನ್ನೊಂದು ಜನ ಅಲ್ಲ ಸ್ವಾಮಿ ಅವನ ಲೆಕ್ಕ" ಎಂದರು ಮುದುಕರು. "ಇನ್ನೂರು."

ಇಂಜಿನಿಯರು ಬರೆದುಕೊಳ್ಳುತ್ತಿದ್ದ ಕೈ ನಿಲ್ಲಿಸಲೇ ಇಲ್ಲ.

ಒಂಬತ್ತನೇ ಅಧ್ಯಾಯವನ್ನು ಅವರು ಹನ್ನೆರಡು ದಿನದಲ್ಲಿ ಹೊಸದಾಗಿ ಬರೆದರು. ಹೃದಯ ಹೋಗುತ್ತದೆ ಎಂದು ಹೆದರಿದ್ದವರಿಗೆ ಎರಡು ಸಿಕ್ಕಿದ್ದವು. ಪುಸ್ತಕ ನಾಲ್ಕು ಪುಟ ಬೆಳೆಯಿತು. ನಾಲ್ಕೇ ಪುಟ ಎನ್ನಬಹುದು. ಆದರೆ ನೂರ ಎಂಬತ್ತನೇ ಪುಟದಿಂದಾಚೆ ಎಲ್ಲವೂ ಸರಿದು, ಅಕ್ಕನ ಮುಕ್ಕಾಲು ಕಾರ್ಡುಗಳು ನೆಲ ಕಚ್ಚಿದವು. ಪ್ರಕಾಶನದ ಒಡತಿ ಫೋನಿನಲ್ಲಿ ಅಳುವ ಹಾಗೆ ಮಾತಾಡಿದಳು. "ಸೋಮವಾರ ಅಚ್ಚಿಗೆ ಹೋಗ್ಲೇಬೇಕು ಅಕ್ಕ. ತಪ್ಪಿದ್ರೆ ಶರತ್ಕಾಲ ತಪ್ಪಿತು, ಪತ್ರಿಕೆಯವರ ಪಟ್ಟಿಗೆ ಸಿಗಲ್ಲ. ಪದಸೂಚಿ ಇಲ್ದೇನೇ ತಂದ್ಬಿಡೋಣ್ವಾ?"

"ತಲೆ ಇಟ್ಕೊಂಡು ಬಾಲ ಕತ್ತರಿಸ್ತೀಯಾ? ಐದು ದಿನ ಕೊಡು" ಎಂದಳು ಅಕ್ಕ.

ಐದು ದಿನ ಆ ಮನೆಯಲ್ಲಿ ಒಲೆ ಹೆಸರಿಗಷ್ಟೇ ಉರಿಯಿತು. ಗಂಡ ಹೊಸ ಕರಡು ಹಿಡಿದು ಪುಟ ಕೂಗುವುದು, ಅಕ್ಕ ಕಾರ್ಡು ತೆಗೆದು ತಿದ್ದುವುದು. ಬಸ್ಸಿನ ಗದ್ದಲದ ಮೇಲೆ ಕೂಗಿದ ಅಭ್ಯಾಸ, ಗಂಡನ ದನಿ ಬೀದಿಗೆಲ್ಲ ಕೇಳುತ್ತಿತ್ತು.

"ಇನ್ನೂರ ಏಳು! ಡ್ರೈವರು ನೀರಿನ ತಳಕ್ಕೆ ಇಳಿದದ್ದು!"

"ಡ್ರೈವರಲ್ಲ ರೀ, ಡೈವರು. ಮುಳುಗೋನು."

"ಓ. ನಾನೂ ನೋಡ್ದೆ, ಬಸ್ಸು ಹೊಳೆಗೆ ಯಾಕೆ ಇಳಿಸ್ದ ಅಂತ."

ಮೂರನೇ ದಿನ ಮೇಲಿನ ಮನೆಯ ದರ್ಜಿ ಬಂದು, "ಇನ್ನೂರ ಅರವತ್ತೆರಡರಲ್ಲಿ ಆ ಮೇಸ್ತ್ರಿಗೆ ಆಮೇಲೆ ಏನಾಯ್ತು? ನಿನ್ನೆ ಅಲ್ಲಿಗೇ ನಿಲ್ಲಿಸಿಬಿಟ್ರಿ" ಎಂದು ಕೇಳಿದ. ಭಾನುವಾರ ಸಂಜೆ ಐದಕ್ಕೆ ಕೊನೆಯ ಕಾರ್ಡು ಮುಗಿಯಿತು. ಒಟ್ಟು ಹದಿನಾಲ್ಕು ಪುಟ. ಅಕ್ಕ ಬೆರಳು ಮಡಚಲಾರದೆ ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಕೂತಳು. ಗಂಡ ಡಬ್ಬಿಗಳನ್ನೆಲ್ಲ ಒಂದೊಂದಾಗಿ ಮುಚ್ಚಿಟ್ಟ.

ಪುಸ್ತಕ ಬಿಡುಗಡೆ ಗ್ರಂಥಾಲಯದ ಸಭಾಂಗಣದಲ್ಲಿ. ಹೊರಗೆ ಮರಗಳೆಲ್ಲ ಹಳದಿಯಾಗಿ, ಮೆಟ್ಟಿಲ ತುಂಬ ಎಲೆ. ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತರು. ಇಂಜಿನಿಯರು ಬರೆದುಕೊಂಡು ಬಂದ ಭಾಷಣ ಜೇಬಿನಲ್ಲೇ ಇಟ್ಟುಕೊಂಡು ಹೇಳಿದರು: "ಹತ್ತು ವರ್ಷ ನಾನು ಹುಡುಕಿದೆ. ಕೊನೆಗೆ ಒಬ್ಬ ಮನುಷ್ಯನನ್ನೇ ಕಳಕೊಂಡು ಕೂತಿದ್ದೆ. ಹುಡುಕಿಕೊಟ್ಟವರು ಮೂರನೇ ಸಾಲಲ್ಲಿ ಕೂತಿದಾರೆ." ಪದಸೂಚಿ ಮಾಡುವವರ ಹೆಸರನ್ನು ಪುಸ್ತಕದಲ್ಲಿ ಹಾಕುವ ರೂಢಿ ಆ ಪ್ರಕಾಶನದಲ್ಲಿರಲಿಲ್ಲ. ಈ ಪುಸ್ತಕದಲ್ಲಿ ಒಳಪುಟದಲ್ಲೇ, ಲೇಖಕರ ಹೆಸರಿನ ಕೆಳಗೆ, ಹಾಕಿದ್ದರು. ಚಪ್ಪಾಳೆಯ ನಡುವೆ ಅಕ್ಕ ಎದ್ದು ನಿಲ್ಲಬೇಕೋ ಕೂತಿರಬೇಕೋ ತಿಳಿಯದೆ ಅರ್ಧ ಎದ್ದು ಅರ್ಧ ಕೂತಳು.

ಬೋರ್ಡು ಬರೆಯುವ ಮುದುಕರು ಮಗಳ ಕೈ ಹಿಡಿದು ಬಂದಿದ್ದರು. ಪುಸ್ತಕ ಕೈಗೆ ಕೊಟ್ಟಾಗ ಎಲ್ಲರಂತೆ ಮುಂದಿನಿಂದ ತೆರೆಯದೆ ಹಿಂದಿನಿಂದ ತೆರೆದರು. ಒಂದೇ ಹೆಸರು, ಒಂದರ ಕೆಳಗೊಂದು, ಎರಡು ಸಲ. ಒಂದರ ಮುಂದೆ 'ಕೆಳಗಿನವ', ಇನ್ನೊಂದರ ಮುಂದೆ 'ಮೇಲಿನವ'. ಅಕಾರಾದಿಯಲ್ಲಿ 'ಕ' ಮೊದಲು ಬರುವುದರಿಂದ ಗೆಳೆಯನೇ ಮುಂದೆ ನಿಂತಿದ್ದ. ಮುದುಕರು ಆ ಎರಡು ಸಾಲಿನ ಮೇಲೆ ಹೆಬ್ಬೆರಳು ಓಡಿಸಿದರು. "ಸರಿಯಾಗಿದೆ ತಾಯಿ. ಅವನೇ ಮೊದಲು" ಎಂದರು.

ಇನ್ನೂರ ಹತ್ತೊಂಬತ್ತನೇ ಪುಟದ ಅಡಿಟಿಪ್ಪಣಿ ಈಗ ಇನ್ನೂರ ಇಪ್ಪತ್ತಮೂರಕ್ಕೆ ಹೋಗಿತ್ತು. ಅಲ್ಲಿ ಹೀಗಿತ್ತು: ಹಾಜರಿ ಗುಮಾಸ್ತ ಸರಿಯಾಗಿಯೇ ಬರೆದಿದ್ದ. ಅಕ್ಕನ ಪ್ರಕಾರ ಇಡೀ ಪುಸ್ತಕದಲ್ಲಿ ಅದಕ್ಕಿಂತ ಒಳ್ಳೆಯ ವಾಕ್ಯ ಇನ್ನೊಂದಿಲ್ಲ.

ಮುಂದಿನ ಭಾನುವಾರ ಪತ್ರಿಕೆಯಲ್ಲಿ 'ಈ ಶರತ್ಕಾಲಕ್ಕೆ ಏಳು ಹೊಸ ಪುಸ್ತಕ' ಎಂಬ ಪಟ್ಟಿ ಬಂತು. ಕಾದಂಬರಿ ಒಂದೂ ಇಲ್ಲ, ಎಲ್ಲ ನಡೆದದ್ದನ್ನು ಬರೆದವು. ಏಳರಲ್ಲಿ ನಾಲ್ಕು ಅಕ್ಕ ಕೆಲಸ ಮಾಡಿದವೇ. ಸೇತುವೆಯ ಬಗ್ಗೆ ಬರೆದ ವಿಮರ್ಶಕ, "ಕೊನೆಯ ಹದಿನಾಲ್ಕು ಪುಟಗಳನ್ನೂ ಬಿಡದೆ ಓದಿ, ಅಲ್ಲಿ ಇನ್ನೊಂದು ಪುಸ್ತಕವಿದೆ" ಎಂದು ಸೇರಿಸಿದ್ದ. ಗಂಡ ಪತ್ರಿಕೆಯ ಎಂಟು ಪ್ರತಿ ತಂದ. ತಾನು ಹಿಂದೆ ಓಡಿಸುತ್ತಿದ್ದ ಮಾರ್ಗದ ಬಸ್ಸು ಹತ್ತಿ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹೋಗಿ ಬಂದ. ಪಕ್ಕದಲ್ಲಿ ಕೂತವರಿಗೆಲ್ಲ ಆ ಸಾಲು ತೋರಿಸಿದ. ಮನೆಗೆ ಬಂದಾಗ ಒಂದು ಪ್ರತಿಯೂ ಉಳಿದಿರಲಿಲ್ಲ.

"ಒಂದಾದ್ರೂ ಇಟ್ಕೋಬಾರ್ದಾ?" ಎಂದು ಅಕ್ಕ ರೇಗಿದಳು.

"ನಿನಗ್ಯಾಕೆ? ನಿನಗೆ ಗೊತ್ತಲ್ಲ" ಎಂದ.

ಗ್ರಂಥಾಲಯದಲ್ಲಿ ಆ ಏಳು ಪುಸ್ತಕಕ್ಕೆ ಸರದಿ ಹಚ್ಚಿದವರ ಸಂಖ್ಯೆ ವಾರದಲ್ಲಿ ಐವತ್ತು ದಾಟಿತು. ಬಾಗಿಲಲ್ಲಿ ಒಂದು ಬೋರ್ಡು ಹಾಕಬೇಕೆಂದು ಗ್ರಂಥಪಾಲಕಿ ಆಸೆಪಟ್ಟಾಗ, ಬೋರ್ಡಿನವರ ಮಗಳು ಯಂತ್ರದಲ್ಲಿ ಅಚ್ಚು ಹಾಕಿಕೊಡುತ್ತೇನೆಂದಳು.

"ಯಂತ್ರ ಬೇಡ. ಹಲಗೆ ತಂದು ನಿಲ್ಲಿಸು" ಎಂದರು ಮುದುಕರು.

ಹದಿನೈದು ವರ್ಷ ಕುಂಚ ಹಿಡಿಯದ ಕೈ. ಚಹಾದ ಲೋಟ ಹಿಡಿದರೆ ತುಳುಕುವ ಕೈ. ಗ್ರಂಥಾಲಯದ ಜಗಲಿಯಲ್ಲಿ ಮೂರು ದಿನ ಬೆಳಗಿನ ಬಿಸಿಲಿಗೆ ಕೂತು, ದಿನಕ್ಕೆ ಎರಡು ಮೂರು ಹೆಸರಿನಂತೆ, ಏಳು ಪುಸ್ತಕಗಳ ಹೆಸರನ್ನೂ ಅವರು ಬರೆದರು. ಕುಂಚ ಹಲಗೆಗೆ ತಾಗಿದೊಡನೆ ನಡುಕ ಎಲ್ಲಿ ಹೋಗುತ್ತಿತ್ತೋ ದೇವರೇ ಬಲ್ಲ. ಶಾಲೆ ಬಿಟ್ಟ ಮಕ್ಕಳು, ಪೇಟೆಗೆ ಹೊರಟ ಹೆಂಗಸರು, ದರ್ಜಿ, ಇಂಜಿನಿಯರು ಎಲ್ಲ ಸುತ್ತ ನಿಂತು ನೋಡಿದರು. ಯಾರೂ ಗದ್ದಲ ಮಾಡಲಿಲ್ಲ. ಅಕ್ಕ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತು, ಬಣ್ಣದ ಡಬ್ಬಿ ಹಿಡಿದು, ಒಂದೊಂದು ಹೆಸರನ್ನೂ ಅಕ್ಷರ ಬಿಡದೆ ಹೇಳಿದಳು. ಮೂರನೇ ದಿನ ಮಧ್ಯಾಹ್ನ, ಬಣ್ಣ ಇನ್ನೂ ಹಸಿಯಿರುವಾಗಲೇ, ನಾಲ್ಕು ಜನ ಸೇರಿ ಹಲಗೆಯನ್ನು ಎತ್ತಿ ಬಾಗಿಲ ಮೇಲೆ ಕಟ್ಟಿದರು. ಅಕ್ಕ ರಸ್ತೆಯ ಆಚೆ ಬದಿಗೆ ಹೋಗಿ ನಿಂತು ನೋಡಿದಳು. ಅಲ್ಲಿಂದಲೂ ಸ್ಪಷ್ಟವಾಗಿ ಓದಲು ಬರುತ್ತಿತ್ತು.